ಸರ್ವೆ ನಂಬರಿನಿಂದ ಮುತ್ತಜ್ಜನವರೆಗೆ: ಆನ್‌ಲೈನ್ ದಾಖಲೆಗಳಲ್ಲಿ ಮನೆತನದ ಜಾಡು ಹಿಡಿಯುವುದು

ಮನೆತನದ ಇತಿಹಾಸ ಹುಡುಕಲು ಕೂತವರು ಸಾಮಾನ್ಯವಾಗಿ ಮೊದಲು ಅಜ್ಜನ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಮನೆದೇವರ ಹೆಸರು ಅರ್ಧ ಊರಿಗೇ ಇರುತ್ತದೆ. ಒಂದೇ ಹಳ್ಳಿಯ ಪಹಣಿ ಪುಸ್ತಕದಲ್ಲಿ ನಾಲ್ಕು ಜನ ತಿಮ್ಮೇಗೌಡರು, ಐದಾರು ಜನ ಸಿದ್ದಪ್ಪಂದಿರು ಸಿಕ್ಕರೆ ಆಶ್ಚರ್ಯವಿಲ್ಲ. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ನಡೆದರೆ ಪ್ರತಿ ತಲೆಮಾರಿನಲ್ಲೂ ಯಾರು ತೀರಿಕೊಂಡರು, ಅವರ ಜಾಗಕ್ಕೆ ಯಾರು ಬಂದರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು ಎಂಬುದೆಲ್ಲ ಸರ್ಕಾರಿ ಬರಹದಲ್ಲೇ ಸಿಗುತ್ತದೆ. ಈ ಲೇಖನದ ಮುಖ್ಯ ದಾರಿ ಅದೇ. ಜಮೀನಿಲ್ಲದ ಕುಟುಂಬಗಳಿಗೂ ದಾರಿಗಳಿವೆ, ಅವನ್ನೂ ಹೇಳಿದ್ದೇವೆ.

ಹೊರದೇಶದ ಮಾರ್ಗದರ್ಶಿಗಳನ್ನು ಓದಿ ಬಂದವರಿಗೆ ಒಂದು ಮಾತು. ಇಂಗ್ಲೆಂಡ್, ಅಮೆರಿಕದವರಿಗೆ ಜನಗಣತಿಯ ಮನೆವಾರು ಪಟ್ಟಿಗಳೇ ದೊಡ್ಡ ಆಧಾರ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿಯ ಮೂಲ ನಮೂನೆಗಳನ್ನು ಯಾರೂ ನೋಡುವಂತಿಲ್ಲ. ಹಳೆಯ ಗಣತಿಗಳಿಂದ ಓದಲು ಸಿಗುವುದು ಅಂಕಿಅಂಶಗಳ ವರದಿ ಮಾತ್ರ, ಅದರಲ್ಲಿ ಮನೆಯವರ ಹೆಸರಿರುವುದಿಲ್ಲ. ಹಾಗಾಗಿ ವಿದೇಶಿ ವಂಶಾವಳಿ ತಾಣಗಳಿಗೆ ಚಂದಾ ಕಟ್ಟುವ ಮೊದಲು ಈ ಲೇಖನದ ‘ರಾಜ್ಯದ ಆಚೆಯ ಸಂಗ್ರಹಗಳು’ ಎಂಬ ಭಾಗ ಓದಿ. ಹೆಚ್ಚಿನ ಕನ್ನಡ ಕುಟುಂಬಗಳಿಗೆ ಆ ಖರ್ಚು ಬೇಕಾಗುವುದಿಲ್ಲ.

ಕಂಪ್ಯೂಟರ್ ಮುಂದೆ ಕೂರುವ ಮೊದಲು

ಮನೆಯ ಟ್ರಂಕು, ಬೀರು, ದೇವರ ಮನೆಯ ಅಟ್ಟ ಹುಡುಕಿ. ಕಂದಾಯ ರಸೀದಿ, ಪಟ್ಟಾ ಪುಸ್ತಕ, ಹಳೆಯ ಕ್ರಯಪತ್ರ, ಶಾಲೆಯ ಟಿ.ಸಿ., ಜಾತಕ, ಲಗ್ನಪತ್ರಿಕೆ, ಸೊಸೈಟಿ ಸಾಲದ ಪುಸ್ತಕ ಎಲ್ಲವೂ ಬೇಕು. ಇವುಗಳಲ್ಲಿ ಮೊದಲು ನೋಡಬೇಕಾದ್ದು ಮೂರು ಸಂಗತಿ: ಗ್ರಾಮ, ಹೋಬಳಿ, ಸರ್ವೆ ನಂಬರ್. ಕಂದಾಯ ರಸೀದಿ ಹರಿದು ಹೋಗಿದ್ದರೂ ನಂಬರ್ ಇರುವ ಮೂಲೆ ಉಳಿದಿದ್ದರೆ ಸಾಕು.

ಶ್ರಾದ್ಧ, ತರ್ಪಣ ಮಾಡುವ ಮನೆಗಳಲ್ಲಿ ಒಂದು ಸಿದ್ಧ ಪಟ್ಟಿಯೇ ಇರುತ್ತದೆ. ಸಂಕಲ್ಪದಲ್ಲಿ ತಂದೆ, ಅಜ್ಜ, ಮುತ್ತಜ್ಜನ ಹೆಸರಿನ ಜೊತೆಗೆ ತಾಯಿಯ ತಂದೆಯ ಕಡೆಯ ಮೂರು ತಲೆಮಾರನ್ನೂ ಹೇಳುತ್ತಾರೆ. ಮನೆಯ ಪುರೋಹಿತರ ಬಳಿ ಅದು ಬರಹದಲ್ಲಿರುವುದುಂಟು, ಕೇಳಿ ಪಡೆಯಿರಿ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಊರೂರು ತಿರುಗಿ ಮನೆಮನೆಯ ವಂಶಾವಳಿ ಹೇಳುವುದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುವುದು ಅವರ ಕುಲವೃತ್ತಿ. ನಿಮ್ಮ ಮನೆತನದ ಹೆಳವರು ಯಾರು ಎಂದು ಊರಿನ ಹಿರಿಯರನ್ನು ಕೇಳಿ, ಅವರು ಹೇಳುವುದನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ಯಾವ ಸರ್ವರಿನಲ್ಲೂ ಇಲ್ಲದ ದಾಖಲೆ ಅದು.

ಹಿರಿಯರನ್ನು ‘ನಿಮ್ಮ ಅಜ್ಜ ಹುಟ್ಟಿದ್ದು ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಅವರು ಧಾತು ಬರ ಕಂಡಿದ್ದರಂತಾ? ಪ್ಲೇಗ್ ಬಂದಾಗ ಎಷ್ಟು ದೊಡ್ಡವರಿದ್ದರು? ಇನ್‌ಫ್ಲುಯೆಂಜಾದಲ್ಲಿ ಮನೆಯಲ್ಲಿ ಯಾರು ತೀರಿಕೊಂಡರು?’ ಎಂದು ಕೇಳಿ. ಧಾತು ಬರ 1876–78, ಬೆಂಗಳೂರಿಗೆ ಪ್ಲೇಗ್ ಬಂದದ್ದು 1898, ಇನ್‌ಫ್ಲುಯೆಂಜಾ 1918. ಇಷ್ಟರಿಂದಲೇ ಹುಟ್ಟಿದ ಕಾಲವನ್ನು ಐದಾರು ವರ್ಷದ ಅಂತರಕ್ಕೆ ತರಬಹುದು. ಮನೆದೇವರು ಯಾವ ಊರಿನಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಈಗಿನ ಊರಿಗೂ ಮನೆದೇವರಿಗೂ ಎರಡು ಜಿಲ್ಲೆಯಷ್ಟು ದೂರವಿದ್ದರೆ ಮನೆತನ ಒಂದು ಕಾಲದಲ್ಲಿ ಆ ಕಡೆಯಿಂದ ವಲಸೆ ಬಂದಿರುವ ಸಾಧ್ಯತೆ ಇದೆ. ಇದು ಸುಳಿವು ಅಷ್ಟೇ, ಪುರಾವೆಯಲ್ಲ.

ಆಗ ಊರು ಯಾರ ಆಡಳಿತದಲ್ಲಿತ್ತು?

ಹುಡುಕಾಟ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿ. 1956ರ ನವೆಂಬರ್ 1ರ ಮೊದಲು ಇಂದಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಕಡೆ, ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮರ ಕಡೆ, ದಕ್ಷಿಣ ಕನ್ನಡ ಮದ್ರಾಸ್ ಕಡೆ, ಕೊಡಗು ಪ್ರತ್ಯೇಕ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗ, ಸಂಡೂರುಗಳು ಸಣ್ಣ ಸಂಸ್ಥಾನಗಳು. ದಾಖಲೆಯ ಭಾಷೆ, ಲಿಪಿ, ನಮೂನೆ, ಅದು ಈಗ ಇರುವ ಊರು ಎಲ್ಲವೂ ಇದರ ಮೇಲೆ ನಿಂತಿವೆ.

ಆಮೇಲಿನ ಜಿಲ್ಲಾ ವಿಭಜನೆಗಳನ್ನೂ ಗಮನದಲ್ಲಿಡಿ. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ. 1960ರ ದಾಖಲೆಯಲ್ಲಿ ಕೊಪ್ಪಳದ ಹಳ್ಳಿಯನ್ನು ರಾಯಚೂರು ಜಿಲ್ಲೆಯಲ್ಲಿ ಹುಡುಕಬೇಕು. ಪ್ರತಿಯೊಬ್ಬ ಹಿರಿಯರ ಹೆಸರಿನ ಮುಂದೆ ಊರಿನ ಅಂದಿನ ತಾಲ್ಲೂಕು, ಜಿಲ್ಲೆ ಮತ್ತು ಇಂದಿನ ತಾಲ್ಲೂಕು, ಜಿಲ್ಲೆ ಎರಡನ್ನೂ ಬರೆದಿಡಿ.

ಭೂಮಿ ತಾಣದಲ್ಲಿ ಮೊದಲ ಹೆಜ್ಜೆ

ಕಂದಾಯ ಇಲಾಖೆಯ ಭೂಮಿ ತಾಣ ತೆರೆದು ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ನೋಡುವ ಪುಟಕ್ಕೆ ಹೋಗಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ ‘ಗೋ’ ಒತ್ತಿ. ಸರ್ನಾಕ್ ಎಂಬ ಖಾನೆಯಲ್ಲಿ ಹೆಚ್ಚಾಗಿ ನಕ್ಷತ್ರದ ಗುರುತು ಮಾತ್ರ ಇರುತ್ತದೆ, ಅದನ್ನೇ ಆರಿಸಿ. ಆಮೇಲೆ ಹಿಸ್ಸಾ (ಪಾಲಿನ) ನಂಬರ್, ಅವಧಿ, ವರ್ಷ. ನೋಡಲು ದುಡ್ಡು ಕೊಡಬೇಕಿಲ್ಲ. ಸಹಿ ಇರುವ ಪ್ರತಿ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಐ-ಆರ್‌ಟಿಸಿ ಪಡೆಯಬಹುದು. ವಂಶ ಹುಡುಕುವವರಿಗೆ ಅದರ ಅಗತ್ಯವಿಲ್ಲ.

ಸರ್ವೆ ನಂಬರೇ ಗೊತ್ತಿಲ್ಲದಿದ್ದರೆ ಊರಿಗೆ ಹೋದಾಗ ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ನಂಬರ್ ತೋರಿಸುತ್ತದೆ. ಊರಿಗೆ ಹೋಗಲಾಗದವರು ಭೂಮಿ ತಾಣದಲ್ಲೇ ಗ್ರಾಮ ನಕ್ಷೆಯ ಪಿಡಿಎಫ್ ಇಳಿಸಿಕೊಂಡು, ಕೆರೆ, ಹಳ್ಳ, ಬಂಡಿದಾರಿಯ ಗುರುತು ಹೇಳಿ ಹಿರಿಯರಿಂದ ಹೊಲ ಗುರುತಿಸಿಕೊಳ್ಳಬಹುದು. ನಮ್ಮೂರಿನಲ್ಲಿ ಹುಡುಕಿದರೆ ನಮ್ಮ ಜಮೀನೇ ಕಾಣುತ್ತಿಲ್ಲ ಎನ್ನುವವರು ಪಕ್ಕದ ಬೇಚರಾಕ್ ಗ್ರಾಮ ನೋಡಿ. ಜನ ಬಿಟ್ಟುಹೋದ, ಮನೆಗಳಿಲ್ಲದ ಊರು ಕಂದಾಯ ಲೆಕ್ಕದಲ್ಲಿ ಈಗಲೂ ಪ್ರತ್ಯೇಕ ಗ್ರಾಮವಾಗಿಯೇ ಇರುತ್ತದೆ. ಮನೆ ಒಂದೂರಲ್ಲಿ, ಹೊಲ ಬೇಚರಾಕ್ ಗ್ರಾಮದಲ್ಲಿ ಇರುವ ಕುಟುಂಬಗಳು ಬೇಕಾದಷ್ಟಿವೆ.

ಪಹಣಿಯಲ್ಲಿ ನಮಗೆ ಬೇಕಾದವು ನಾಲ್ಕು ಕಾಲಂ. ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಸ್ವಾಧೀನತೆ ಬಂದ ರೀತಿ, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮಾಡುವವರ ವಿವರ. ಇವುಗಳಲ್ಲಿ ವಂಶ ಹುಡುಕುವವರ ಜೀವಾಳ ಹತ್ತನೇ ಕಾಲಂ.

ಒಂದು ಮಾದರಿ ನೋಡೋಣ, ನಿಮ್ಮ ತಂದೆಯ ಹೆಸರು ರಾಮಕೃಷ್ಣೇಗೌಡ ಎಂದುಕೊಳ್ಳಿ. ಹಳೆ ಮೈಸೂರು ಕಡೆಯ ಒಂದು ಗ್ರಾಮದ ಸರ್ವೆ ನಂಬರ್ 45, ಹಿಸ್ಸಾ 2. ಇಂದಿನ ಪಹಣಿಯ ಒಂಬತ್ತನೇ ಕಾಲಂನಲ್ಲಿ ‘ರಾಮಕೃಷ್ಣೇಗೌಡ ಬಿನ್ ಲೇಟ್ ನಂಜೇಗೌಡ’ ಎಂದಿದೆ, ಹತ್ತರಲ್ಲಿ ‘ಎಂ.ಆರ್. 14/2003-04’, ಅಂದರೆ ಮ್ಯುಟೇಶನ್ ನಂಬರ್. ಮ್ಯುಟೇಶನ್ ಪುಟಕ್ಕೆ ಹೋಗಿ ಆ ನಂಬರ್ ತೆರೆದರೆ ಪೌತಿ ಖಾತೆ ಎಂದು ಗೊತ್ತಾಗುತ್ತದೆ. ನಂಜೇಗೌಡ ಮರಣ ಹೊಂದಿದ್ದಾರೆ, ವಾರಸುದಾರರು ಇಂತಿಂಥವರು ಎಂಬ ವಿವರ ಅಲ್ಲಿದೆ. ಈಗ ಹಳೆಯ ವರ್ಷಗಳ ಪಟ್ಟಿಯಿಂದ ಸಿಗುವ ಅತಿ ಹಳೆಯ ಪಹಣಿ ತೆಗೆಯಿರಿ. ಒಂಬತ್ತರಲ್ಲಿ ‘ನಂಜೇಗೌಡ ಬಿನ್ ಚಿಕ್ಕೇಗೌಡ’, ಹತ್ತರಲ್ಲಿ ‘ಐ.ಎಚ್.ಸಿ. 6/1971-72’, ಅಂದರೆ ವಾರಸಾ ನಮೂದು. ಈ ಒಂದು ಸಾಲು ಮೂರು ವಿಷಯ ಹೇಳಿತು: ಮುತ್ತಜ್ಜನ ಹೆಸರು ಚಿಕ್ಕೇಗೌಡ, ಅವರ ಖಾತೆ ಮಗನಿಗೆ ಬಂದದ್ದು 1971-72ರಲ್ಲಿ, ಅಂದರೆ ಅವರು ತೀರಿಕೊಂಡದ್ದು ಆ ವರ್ಷ ಅಥವಾ ಅದಕ್ಕೂ ಮೊದಲು, ಕಾಗದದಲ್ಲಿ ಮುಂದೆ ಕೇಳಬೇಕಾದದ್ದು 1971-72ನೇ ಸಾಲಿನ ಆರನೇ ನಂಬರಿನ ವಾರಸಾ ನಮೂದು.

ಇಷ್ಟಕ್ಕೇ ನಿಲ್ಲಬೇಡಿ. 45/1, 45/3, 45/4ನ್ನೂ ತೆರೆದು ನೋಡಿ. ಒಂದು ನಂಬರ್ ಹಿಸ್ಸಾಗಳಾಗಿ ಒಡೆಯುವುದು ಬಹುಮಟ್ಟಿಗೆ ಅಣ್ಣತಮ್ಮಂದಿರು ಪಾಲಾದಾಗ. ಪಕ್ಕದ ಹಿಸ್ಸಾಗಳ ಹಳೆಯ ಪಹಣಿಯಲ್ಲೂ ‘ಬಿನ್ ಚಿಕ್ಕೇಗೌಡ’ ಎಂದೇ ಇದ್ದರೆ ಅವರು ನಿಮ್ಮ ಅಜ್ಜನ ಒಡಹುಟ್ಟಿದವರಿರಬೇಕು, ಈಗಿನ ಖಾತೆದಾರರು ನಿಮ್ಮ ದಾಯಾದಿಗಳಿರಬೇಕು. ಎಷ್ಟೋ ಕುಟುಂಬಗಳು ಮಾತು ಬಿಟ್ಟು ಎರಡು ತಲೆಮಾರಾಗಿರುವ ದಾಯಾದಿಗಳನ್ನು ಪಹಣಿಯಲ್ಲೇ ಮತ್ತೆ ಗುರುತಿಸುತ್ತವೆ. ಮನೆತನದ ಹಳೆಯ ಕಾಗದ ಬಹಳ ಸಲ ಉಳಿದಿರುವುದೂ ಅವರ ಮನೆಯಲ್ಲೇ.

ಓದುವಾಗ ನೆನಪಿಡಬೇಕಾದ ಮಾತುಗಳು: ಹಳೆ ಮೈಸೂರು ಕಡೆ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಉತ್ತರ ಕರ್ನಾಟಕದಲ್ಲಿ ‘ಬಸಪ್ಪ ತಂದೆ ಯಲ್ಲಪ್ಪ’, ‘ನೀಲವ್ವ ಗಂಡ ಬಸಪ್ಪ’ ಎಂದು ಬರೆಯುತ್ತಾರೆ. ಅದೇ ಕಡೆ ‘ಅ.ಪಾ.ಕ.’ ಎಂದು ಕಂಡರೆ ಖಾತೆದಾರ ಆಗ ಅಪ್ರಾಪ್ತ, ಮುಂದಿನ ಹೆಸರು ಪಾಲಕರದ್ದು. ಹೆಚ್ಚಾಗಿ ತಾಯಿ ಅಥವಾ ದೊಡ್ಡಪ್ಪ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡಿದ್ದರು ಎಂಬುದಕ್ಕೆ ಅದೊಂದು ಬಲವಾದ ಸುಳಿವು. ‘ಉರುಫ್’ ಎಂದಿದ್ದರೆ ಎರಡೂ ಹೆಸರು ಬರೆದುಕೊಳ್ಳಿ, ಬೇರೆ ದಾಖಲೆಗಳಲ್ಲಿ ಎರಡನೆಯದೇ ಸಿಗಬಹುದು.

ಪೌತಿ ಖಾತೆಯಾಗದೆ ತೀರಿಹೋದವರ ಹೆಸರಲ್ಲೇ ಉಳಿದಿರುವ ಪಹಣಿಗಳು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟಿವೆ. ಸಾಲ, ಪರಿಹಾರ ಪಡೆಯುವಾಗ ಅದು ತೊಂದರೆಯೇ ಸರಿ. ವಂಶ ಹುಡುಕುವವರಿಗೆ ಮಾತ್ರ ಮುತ್ತಜ್ಜನ ಹೆಸರು ಇಂದಿನ ಪಹಣಿಯಲ್ಲೇ ಸಿಕ್ಕಂತಾಗುತ್ತದೆ. ಖಾತೆ ಬದಲಾಯಿಸುವ ಮೊದಲು ಅದರ ಒಂದು ಪ್ರತಿ ಇಟ್ಟುಕೊಳ್ಳಿ.

ಆನ್‌ಲೈನ್ ಮುಗಿದಲ್ಲಿಂದ ಹಿಂದಕ್ಕೆ

ಪಹಣಿ ಕಂಪ್ಯೂಟರಿಗೆ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ಕೈಬರಹದ ಪಹಣಿ, ಸಾಮಾನ್ಯವಾಗಿ ಐದೈದು ವರ್ಷಕ್ಕೊಂದು ಪುಸ್ತಕ. ಹಳೆ ಮೈಸೂರಿನಲ್ಲಿ ಅದಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ಆರ್.ಆರ್. (ಹಕ್ಕು ದಾಖಲೆ) ಪುಸ್ತಕಗಳಿವೆ. ಮುಂಬೈ ಕರ್ನಾಟಕದಲ್ಲಿ ಎಂ.ಇ. ನಂಬರಿನ ಹಕ್ಕು ಬದಲಾವಣೆ ನಮೂದುಗಳು, ವಾಟ್ಣಿ (ಪಾಲು) ಪತ್ರಗಳು. ದಕ್ಷಿಣ ಕನ್ನಡದಲ್ಲಿ ಅಡಂಗಲ್ (ಅಲ್ಲಿಯ ಪಹಣಿ) ಮತ್ತು ವರ್ಗದ (ಹಿಡುವಳಿಯ) ದಾಖಲೆ. ಇವೆಲ್ಲ ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಈ ಕೊಠಡಿಗಳ ಕಡತಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಪ್ರತಿ ಕೊಡುವ ಕೆಲಸಕ್ಕೆ ಕಂದಾಯ ಇಲಾಖೆ ಭೂ ಸುರಕ್ಷಾ ಎಂಬ ಯೋಜನೆ ಕೈಗೊಂಡಿದೆ. ಮೊದಲು ಅಲ್ಲಿ ನಿಮ್ಮ ಗ್ರಾಮ ನೋಡಿ, ಇಲ್ಲದಿದ್ದರೆ ತಹಶೀಲ್ದಾರರಿಗೆ ನಕಲು ಅರ್ಜಿ ಕೊಡಿ.

ಅರ್ಜಿ ಬರೆಯುವ ರೀತಿಯಲ್ಲೇ ಅರ್ಧ ಫಲ ಇದೆ. ‘ನಮ್ಮ ಕುಟುಂಬದ ಎಲ್ಲಾ ಹಳೆಯ ದಾಖಲೆ ದಯಪಾಲಿಸಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ, ಏಕೆಂದರೆ ಪುಸ್ತಕಗಳನ್ನು ಜೋಡಿಸಿಟ್ಟಿರುವುದು ಕುಟುಂಬವಾರು ಅಲ್ಲ, ಗ್ರಾಮವಾರು ಮತ್ತು ವರ್ಷವಾರು. ಒಂದು ಅರ್ಜಿಗೆ ಒಂದೇ ಬಗೆಯ ದಾಖಲೆ ಇರಲಿ. ಹೀಗೆ ಬರೆಯಿರಿ: ‘ಇಂಥ ಗ್ರಾಮ, ಇಂಥ ಹೋಬಳಿ, ಸರ್ವೆ ನಂ. 45/2ರ 1968-69ರಿಂದ 1972-73ರವರೆಗಿನ ಕೈಬರಹದ ಪಹಣಿಯ ದೃಢೀಕೃತ ನಕಲು’. ಇನ್ನೊಂದರಲ್ಲಿ: ‘ಇದೇ ಗ್ರಾಮದ ಐ.ಎಚ್.ಸಿ. ನಂ. 6/1971-72ರ ನಮೂದಿನ ನಕಲು’. ಇಲ್ಲ ಎಂದರೆ ಹಿಂಬರಹವನ್ನು ಬರಹದಲ್ಲೇ ಪಡೆಯಿರಿ, ಮೇಲಿನ ಕಚೇರಿಗೆ ಹೋಗಲು ಅದು ಬೇಕಾಗುತ್ತದೆ.

ತಹಶೀಲ್ದಾರರ ಬಳಿ ಕೊಂಡಿ ಕಡಿದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಹಿಸ್ಸಾ ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರಬಂದ್ ಎಂಬ ಅಳತೆ ದಾಖಲೆಗಳನ್ನು ಕೇಳಿ. ಹಿಸ್ಸಾ ಅಳತೆ ಮಾಡಿದಾಗ ಯಾವ ಪಾಲು ಯಾರದ್ದು ಎಂದು ಸರ್ವೆಯವರು ಬರೆದುಕೊಂಡ ಹೆಸರುಗಳು ಅಲ್ಲಿ ಉಳಿದಿರುತ್ತವೆ. ನಂಬರ್ ಬದಲಾದದ್ದೂ ಇದರಿಂದಲೇ ತಿಳಿಯುತ್ತದೆ. ಪೋಡಿಯಾಗಿ (ಅಳೆದು ಬೇರೆ ನಂಬರಾಗಿ), ದುರಸ್ತಾಗಿ ಇಂದು 212 ಆಗಿರುವ ಜಮೀನು ಹಿಂದೆ 45ರ ಪೈಕಿ ಇದ್ದಿರಬಹುದು. ಹೊಸ ನಂಬರಿನಲ್ಲಿ ಹಳೆಯ ಪುಸ್ತಕ ಹುಡುಕಿ ಸೋತವರು ಬಹಳ ಮಂದಿ.

ನೋಂದಣಿ ಪತ್ರಗಳು, ಹೆಣ್ಣುಮಕ್ಕಳ ಹೆಸರುಗಳು

ಪಹಣಿಯಲ್ಲಿ ಹೆಚ್ಚು ಕಾಣುವುದು ಗಂಡಸರ ಹೆಸರು. ಅಜ್ಜಿಯ ತವರು, ಮುತ್ತಜ್ಜನ ಹೆಣ್ಣುಮಕ್ಕಳು ಬೇಕೆಂದರೆ ನೋಂದಣಿ ಇಲಾಖೆಯ ಕಾವೇರಿ ತಾಣಕ್ಕೆ ಹೋಗಬೇಕು. ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದು, ಸರ್ವೆ ನಂಬರಿನ ಮೇಲೆ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. 2004ರ ಏಪ್ರಿಲ್ 1ರಿಂದ ಈಚಿನ ವ್ಯವಹಾರಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿ. ಇ.ಸಿ.ಯಲ್ಲಿ ಬರುವ ಪತ್ರದ ನಂಬರ್ ಹಿಡಿದು ಪತ್ರದ ನಕಲು ಪಡೆಯಿರಿ.

ಅತ್ಯಂತ ಬೆಲೆಬಾಳುವ ಪತ್ರ ವಿಭಾಗ ಪತ್ರ. ಹಳೆಯವರ ಮಾತಿನಲ್ಲಿ ಪಾಲುಪಾರೀಕತ್ತು. ಅದರ ಮೊದಲ ಪುಟದಲ್ಲೇ ಮೂಲಪುರುಷ ಯಾರು, ಅವರಿಗೆ ಎಷ್ಟು ಮಕ್ಕಳು, ಯಾರು ಗತಿಸಿದ್ದಾರೆ ಎಂದು ಬರೆದಿರುತ್ತಾರೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿ. ಆಮೇಲಿನ ವಿಭಾಗ ಪತ್ರ ಮತ್ತು ಹಕ್ಕು ಖುಲಾಸೆ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು, ಗಂಡನ ಹೆಸರು, ಕೊಟ್ಟ ಊರು, ವಯಸ್ಸು ಎಲ್ಲ ಸಿಗುತ್ತವೆ. ಮೊದಲಿನ ಪತ್ರಗಳಲ್ಲಿ ಹೆಚ್ಚಾಗಿ ಅವರ ಸುಳಿವೇ ಇರುತ್ತಿರಲಿಲ್ಲ. ಅಜ್ಜನ ಅಕ್ಕತಂಗಿಯರನ್ನು ಹುಡುಕುವವರು 1994ರ ಈಚಿನ ಪತ್ರಗಳನ್ನೂ ಬಿಡದೆ ನೋಡಬೇಕು, ಏಕೆಂದರೆ ತೀರಿಹೋದ ಅತ್ತೆಯ ಮಕ್ಕಳೂ ಅಲ್ಲಿ ಸಹಿ ಹಾಕಿರುತ್ತಾರೆ. ಪತ್ರದ ಕೊನೆಯ ಸಾಕ್ಷಿಗಳನ್ನೂ ಬರೆದುಕೊಳ್ಳಿ, ಬೀಗರು ನೆಂಟರು ಸಾಕ್ಷಿ ಹಾಕುವುದು ಸಾಮಾನ್ಯ. ‘ಬಿಕ್ಕಲಂ’ ಎಂದು ಇರುವ ಹೆಸರು ಮಾತ್ರ ಪತ್ರ ಬರೆದವನದ್ದು, ಅವನನ್ನು ವಂಶಕ್ಕೆ ಸೇರಿಸಿಬಿಡಬೇಡಿ.

1908ರ ನೋಂದಣಿ ಕಾಯ್ದೆಯ 57ನೇ ಕಲಂ ಓದಿಟ್ಟುಕೊಂಡು ಕಚೇರಿಗೆ ಹೋಗಿ. ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕ ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಒಂದನೇ ಸೂಚಿ ಹೆಸರಿನ ಮೇಲೆ, ಎರಡನೆಯದು ಆಸ್ತಿಯ ಮೇಲೆ. ಹೆಸರಿನ ಮೇಲೆ ಹುಡುಕಲು ಸಾಧ್ಯವಿರುವ ಅಪರೂಪದ ಜಾಗ ಇದು. ಮರಣಶಾಸನಗಳು ಮೂರನೇ ಪುಸ್ತಕದಲ್ಲಿರುತ್ತವೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನೂ ಯಾರು ಬೇಕಾದರೂ ಪಡೆಯಬಹುದು.

ಕರಾವಳಿಯವರಿಗೆ ಎಚ್ಚರಿಕೆ. ಅಳಿಯಸಂತಾನ ಕುಟುಂಬಗಳಲ್ಲಿ ಯಜಮಾನನ ನಂತರ ಬರುವ ಹೆಸರು ಮಗನದ್ದಲ್ಲ, ಹೆಚ್ಚಾಗಿ ಸೋದರಳಿಯನದ್ದು. ಅದನ್ನು ಮಗ ಎಂದು ಓದಿ ಮರ ಬರೆದರೆ ಮುಂದಿನದೆಲ್ಲ ತಪ್ಪುತ್ತದೆ. ಅಲ್ಲಿ ತಾಯಿಯಿಂದ ಅಜ್ಜಿಗೆ, ಅಜ್ಜಿಯಿಂದ ಅವರ ಕವರಿಗೆ (ಹೆಣ್ಣಿನಿಂದ ಬಂದ ಕುಟುಂಬದ ಶಾಖೆಗೆ) ಹೀಗೆ ಹೆಣ್ಣಿನ ಕಡೆಯಿಂದ ಏಣಿ ಹಾಕಿ. ಕೊಡಗಿನ ಜಮ್ಮಾ ಜಮೀನು ಪಟ್ಟೆದಾರನ ಹೆಸರಿನಲ್ಲಿದ್ದರೂ ಅದು ಇಡೀ ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಆ ಹೆಸರನ್ನು ನೇರ ಅಜ್ಜ ಎಂದು ಹಿಡಿಯಬಾರದು.

ಜಮೀನಿಲ್ಲದವರು, ಗೇಣಿದಾರರು

ಒಡೆತನ ಇರಲಿಲ್ಲವೆಂದರೆ ದಾಖಲೆಯೇ ಇಲ್ಲ ಎಂದಲ್ಲ. 1974ಕ್ಕೆ ಮೊದಲಿನ ಪಹಣಿಗಳಲ್ಲಿ ಗೇಣಿ ಮಾಡುತ್ತಿದ್ದವರ ಹೆಸರು ಹನ್ನೆರಡನೇ ಕಾಲಂನಲ್ಲಿದೆ. ಆ ವರ್ಷದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರು, ಭೂನ್ಯಾಯ ಮಂಡಳಿಗಳು ಆದೇಶ ಮಾಡಿದವು. ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ ಎಂದು ಗೇಣಿದಾರರೇ ಕೊಟ್ಟ ಹೇಳಿಕೆ ಆ ಕಡತಗಳಲ್ಲಿರುತ್ತದೆ. ಓದಬೇಕಾದ ಬರಹ ಅದು. ತೋಟಿ, ತಳವಾರ, ನೀರುಗಂಟಿ, ಶಾನುಭೋಗ, ಪಟೇಲರ ಮನೆತನಗಳಾದರೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಡಿ ಇನಾಂ ಜಮೀನು ಮರುಮಂಜೂರಾದ ಕಡತ ಕೇಳಿ. ಹುದ್ದೆ ವಂಶಪಾರಂಪರ್ಯವಾಗಿದ್ದರಿಂದ ಮರುಮಂಜೂರಾತಿ ಕೇಳಿದವರು ಮನೆತನದ ಸಂಬಂಧ ತೋರಿಸಬೇಕಾಗುತ್ತಿತ್ತು.

ಊರಿನ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕವೂ ಒಳ್ಳೆಯ ಆಧಾರ. ಮಗುವಿನ ಹೆಸರು, ತಂದೆ ಅಥವಾ ಪೋಷಕರು, ಜಾತಿ, ಸೇರಿದ ದಿನ, ಬಿಟ್ಟ ತರಗತಿ ಅದರಲ್ಲಿರುತ್ತವೆ. ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ, ಶಾಲೆಗೆ ಸೇರಿಸಲು ಮೇಷ್ಟ್ರು ಅಂದಾಜಿಗೆ ಬರೆದಿರುವ ಸಾಧ್ಯತೆಯೇ ಹೆಚ್ಚು.

ಮತದಾರರ ಪಟ್ಟಿಯಲ್ಲಿ ಜಮೀನು ಇದ್ದವರು, ಇಲ್ಲದವರು ಎಂಬ ಭೇದವಿಲ್ಲ. ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ 2002ರ ಪಟ್ಟಿ ಪಿಡಿಎಫ್ ರೂಪದಲ್ಲಿದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಇರುತ್ತವೆ. 2002ರಲ್ಲಿ 80 ವರ್ಷ ಎಂದಿರುವ ಅಜ್ಜಿ 1922ರ ಆಸುಪಾಸಿನವರು. ಮನೆ ನಂಬರಿನ ಕ್ರಮದಲ್ಲಿರುವುದರಿಂದ ಆಗ ಒಂದೇ ಸೂರಿನಡಿ ಯಾರು ಯಾರು ಇದ್ದರು ಎಂಬುದು ತಿಳಿಯುತ್ತದೆ. ಎರಡು ತೊಡಕುಗಳಿವೆ. ಪಟ್ಟಿ ಇರುವುದು ಹಳೆಯ ವಿಧಾನಸಭಾ ಕ್ಷೇತ್ರಗಳ ಪ್ರಕಾರ; 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾದ್ದರಿಂದ ಈಗಿನ ಕ್ಷೇತ್ರದ ಹೆಸರಿನಲ್ಲಿ ಹುಡುಕಿದರೆ ಊರು ಸಿಗದಿರಬಹುದು. ಹುಡುಕುವ ಖಾನೆಯಲ್ಲಿ ಹೆಸರು ಹಾಕಿದರೆ ಸಿಗದಿದ್ದಾಗ ‘ಇಲ್ಲ’ ಎಂದು ತೀರ್ಮಾನಿಸದೆ ಮತಗಟ್ಟೆಯ ಪಟ್ಟಿಯನ್ನು ಪುಟಪುಟವಾಗಿ ಕಣ್ಣಲ್ಲೇ ಓದಿ.

ಜನನ ಮರಣಗಳಿಗೆ ಇ-ಜನ್ಮ ತಾಣವಿದೆ. 1969ರ ಕಾಯ್ದೆ ಜಾರಿಯಾದದ್ದು 1970ರಲ್ಲಿ. ಹಳ್ಳಿಗಳಲ್ಲಿ ಆಮೇಲೂ ಹಲವು ವರ್ಷ ನೋಂದಣಿ ಪೂರ್ತಿ ಆಗುತ್ತಿರಲಿಲ್ಲ, ಹಾಗಾಗಿ ಇದರ ಮೇಲೆ ಹೆಚ್ಚು ಭರವಸೆ ಬೇಡ.

ನ್ಯಾಯಾಲಯದ ಕಡತ

ಮನೆತನದಲ್ಲಿ ಎಂದಾದರೂ ಆಸ್ತಿ ವ್ಯಾಜ್ಯ ನಡೆದಿದ್ದರೆ ಅದು ಹುಡುಕುವವರ ಪಾಲಿಗೆ ನಿಧಿ. ವಿಭಾಗ ದಾವೆಯ ವಾದಪತ್ರದ ಆರಂಭದಲ್ಲೇ ವಂಶವೃಕ್ಷ ಬರೆಯುವುದು ರೂಢಿ. ಎದುರುಪಕ್ಷ ಅದನ್ನು ಒಪ್ಪದಿದ್ದರೆ ಸಾಕ್ಷಿ ಹೇಳಿಸಿ ಪರೀಕ್ಷಿಸಿರುತ್ತಾರೆ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಆರಿಸಿ ಪಕ್ಷಗಾರರ ಹೆಸರಿನ ಮೇಲೆ ಹುಡುಕಿ. ಹೈಕೋರ್ಟ್‌ವರೆಗೆ ಹೋದ ಮೇಲ್ಮನವಿಗಳ ತೀರ್ಪು ಇಂಡಿಯನ್ ಕಾನೂನ್ ತಾಣದಲ್ಲಿ ಓದಲು ಸಿಗುತ್ತದೆ. ಅಲ್ಲಿ ಹೆಸರು ಇಂಗ್ಲಿಷಿನಲ್ಲಿರುವುದರಿಂದ ಎರಡು ಮೂರು ಬಗೆಯ ಕಾಗುಣಿತ ಹಾಕಿ ನೋಡಬೇಕು. ಊರಿನ ಹೆಸರು ಸೇರಿಸಿದರೆ ಬೇಗ ಸಿಗುತ್ತದೆ.

ಲಿಪಿ ಮತ್ತು ವರ್ಷ

ಮುಂಬೈ ಕರ್ನಾಟಕದ ಹಳೆಯ ಕಾಗದ ಮೋಡಿ ಲಿಪಿಯಲ್ಲಿರಬಹುದು, ನಿಜಾಮರ ಕಡೆಯದು ಉರ್ದುವಿನಲ್ಲಿ. ಓದಬಲ್ಲವರಿಗೆ ಕೊಡುವ ಮೊದಲು ಸ್ಪಷ್ಟ ಫೋಟೋ ತೆಗೆದು ಸರ್ವೆ ನಂಬರ್, ಗ್ರಾಮದ ಹೆಸರು ಬರೆದು ಕೊಡಿ, ಏನು ಹುಡುಕಬೇಕು ಎಂಬುದು ಅವರಿಗೆ ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ.

ವರ್ಷದ ಲೆಕ್ಕ ಹೀಗೆ: ಫಸಲಿಗೆ 590 ಸೇರಿಸಿ, ಶಾಲಿವಾಹನ ಶಕಕ್ಕೆ 78 ಸೇರಿಸಿ. ಫಸಲಿ 1350 ಎಂದರೆ 1940-41. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷದ ಚಕ್ರ ನೆನಪಿಡಿ. ವಿಕ್ರಮ 1880, 1940, 2000. ಕ್ರೋಧಿ 1904, 1964, 2024. ಯುಗಾದಿಯಿಂದ ಯುಗಾದಿಗೆ ಲೆಕ್ಕವಾದ್ದರಿಂದ ಪುಷ್ಯ, ಮಾಘದ ತಿಥಿ ಮುಂದಿನ ಇಸವಿಯ ಜನವರಿ, ಫೆಬ್ರವರಿಗೆ ಬೀಳಬಹುದು. ಜಾತಕ ಓದುವಾಗ ಆಗುವ ಒಂದು ವರ್ಷದ ತಪ್ಪು ಬಹುಮಟ್ಟಿಗೆ ಇಲ್ಲಿಂದಲೇ.

ರಾಜ್ಯದ ಆಚೆಯ ಸಂಗ್ರಹಗಳು

ಇವು ಎಲ್ಲರಿಗೂ ಅಲ್ಲ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್‌ನಲ್ಲಿ ಉಚಿತವಾಗಿ ಖಾತೆ ತೆರೆದು ಬ್ರಿಟಿಷ್ ಕಾಲದ ಕಡತಗಳನ್ನು ಹುಡುಕಬಹುದು. ಹಿರಿಯರು ಸರ್ಕಾರಿ ನೌಕರರು, ಪಾಳೆಯಗಾರರು, ಇನಾಂದಾರರಾಗಿದ್ದರೆ ಅಥವಾ ಸ್ವಾತಂತ್ರ್ಯ ಹೋರಾಟದಲ್ಲಿದ್ದರೆ ಪ್ರಯೋಜನವಾಗುತ್ತದೆ. ಸಾಮಾನ್ಯ ಒಕ್ಕಲು ಕುಟುಂಬದ ಹೆಸರು ಅಲ್ಲಿ ಸಿಗುವುದು ಕಡಿಮೆ. ಮೊದಲ ಮಹಾಯುದ್ಧದಲ್ಲಿ ಮಡಿದವರಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣ ನೋಡಿ. ಭಾರತೀಯ ಸೈನಿಕರ ನಮೂದುಗಳಲ್ಲಿ ತಂದೆಯ ಹೆಸರು, ಊರು ಕೊಟ್ಟಿರುವುದುಂಟು.

ಕ್ರೈಸ್ತ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಸ್ಥಿತಿ ಬೇರೆ. ಅವರಿಗೆ ಆನ್‌ಲೈನಿನಲ್ಲೇ ಬಹಳ ಸಿಗುತ್ತದೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಬಂಗಾಳ, ಮದ್ರಾಸ್, ಮುಂಬೈ ಮೂರೂ ಪ್ರಾಂತ್ಯಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪಟ್ಟಿಗಳಿವೆ. ಬೆಂಗಳೂರು ದಂಡು ಪ್ರದೇಶದವರು ಮದ್ರಾಸ್ ಸರಣಿಯಿಂದ ಶುರುಮಾಡಬೇಕು. ಇವುಗಳ ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿ ಚಂದಾ ಕಟ್ಟಿದವರಿಗೆ ಸಿಗುತ್ತವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಇತಿಹಾಸ ಹುಡುಕುವವರ ಫಿಬಿಸ್ ಸಂಘದ ತಾಣದಲ್ಲಿ ಸೂಚಿಯನ್ನು ಉಚಿತವಾಗಿ ನೋಡಿ, ಹೆಸರು ಸಿಕ್ಕ ಮೇಲೆ ಚಂದಾ ಯೋಚಿಸಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದ ಕುಟುಂಬಗಳಿಗೆ ಬಾಸೆಲ್‌ನ ಪತ್ರಾಗಾರದ ತಾಣದಲ್ಲಿ ಹಳೆಯ ಫೋಟೋ, ನಕ್ಷೆಗಳು ಸಿಗುತ್ತವೆ.

ಫ್ಯಾಮಿಲಿಸರ್ಚ್ ಉಚಿತ ತಾಣ. ಹರಿದ್ವಾರ ಮುಂತಾದ ಕಡೆಯ ಪಂಡಾಗಳ (ತೀರ್ಥಪುರೋಹಿತರ) ವಹಿಗಳ, ಅಂದರೆ ವಂಶಾವಳಿ ಪುಸ್ತಕಗಳ, ಚಿತ್ರಗಳು ಅಲ್ಲಿವೆ, ಹೆಚ್ಚಿನವು ಉತ್ತರ ಭಾರತದ ಮನೆತನಗಳದ್ದು. ಕಾಶಿ, ಗಯೆಗೆ ಹೋಗಿಬಂದ ಹಿರಿಯರಿದ್ದರೆ ಅಲ್ಲಿಯ ತೀರ್ಥಪುರೋಹಿತರಿಗೆ ಮೂಲ ಊರು, ಗೋತ್ರ, ಅಂದಾಜು ವರ್ಷ ತಿಳಿಸಿ ಕೇಳುವುದೇ ಸರಿಯಾದ ದಾರಿ.

ಮರ ಬರೆಯುವಾಗ

ಒಂದು ಸಂಬಂಧಕ್ಕೆ ಎರಡು ಬೇರೆ ಬೇರೆ ಬಗೆಯ ದಾಖಲೆ ಸಿಗುವವರೆಗೆ ಪೆನ್ಸಿಲಿನಲ್ಲೇ ಬರೆಯಿರಿ. ಪಹಣಿ ಮತ್ತು ಅದರ ಮ್ಯುಟೇಶನ್ ಒಂದೇ ಮೂಲದವು, ಅವನ್ನು ಎರಡೆಂದು ಎಣಿಸಬಾರದು. ಪಹಣಿಯ ಜೊತೆ ವಿಭಾಗ ಪತ್ರವೋ ಶಾಲೆಯ ದಾಖಲೆಯೋ ಹೊಂದಿದರೆ ಶಾಯಿಯಲ್ಲಿ ಬರೆಯಬಹುದು. ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಅರ್ಜಿದಾರರು ಮತ್ತು ಪಂಚರು ಹೇಳಿದ್ದರ ಮೇಲೆ ನಿಂತದ್ದು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದೂ ಉಂಟು, ಹಾಗಾಗಿ ಬೇರೆ ಆಧಾರದ ಜೊತೆಗೇ ಬಳಸಿ. ತಂದೆ ಮಗನ ನಡುವೆ 15 ವರ್ಷಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ಅಂತರ ಬಂದರೆ ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದಿದ್ದೀರಾ, ಮಧ್ಯೆ ಒಂದು ತಲೆಮಾರು ಬಿಟ್ಟಿದ್ದೀರಾ ಎಂದು ಮತ್ತೆ ನೋಡಿ.

ಇಳಿಸಿಕೊಂಡ ಪ್ರತಿ ಕಡತಕ್ಕೆ ವರ್ಷ, ಗ್ರಾಮ, ಸರ್ವೆ ನಂಬರ್, ದಾಖಲೆಯ ಬಗೆ ಈ ಕ್ರಮದಲ್ಲಿ ಹೆಸರಿಡಿ, ‘1971-ಗ್ರಾಮ-45-2-ಐಎಚ್‌ಸಿ’ ಎಂಬಂತೆ. ವರ್ಷ ಮೊದಲು ಬಂದರೆ ಕಡತಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮರ ಬರೆಯಲು ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಸಾಕು, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಫ್ಯಾಮಿಲಿಸರ್ಚ್‌ನ ಮರ ಎಲ್ಲರಿಗೂ ಸೇರಿದ ಒಂದೇ ಮರ. ತೀರಿಹೋದವರ ವಿವರವನ್ನು ಅಲ್ಲಿ ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಮೂಲ ಪ್ರತಿ ನಿಮ್ಮಲ್ಲೇ ಇರಲಿ. ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮೊದಲು ಬದುಕಿರುವವರ ಜನ್ಮದಿನಾಂಕ, ಆಧಾರ್, ಖಾತೆ ನಂಬರ್ ಇರುವ ಪುಟಗಳನ್ನು ತೆಗೆಯಿರಿ. ದತ್ತು, ಎರಡನೇ ಮದುವೆ, ವ್ಯಾಜ್ಯದ ವಿವರಗಳನ್ನು ಸಂಬಂಧಪಟ್ಟವರನ್ನು ಕೇಳಿಯೇ ಹಂಚಿಕೊಳ್ಳಿ. ಅವರು ಬೇಡ ಎಂದರೆ ಆ ಪುಟ ನಿಮ್ಮ ಕಡತದಲ್ಲಿ ಮಾತ್ರ ಇರಲಿ.